ಬೋಳು ದಾರದ ಬಾಟಲಿ

ಐದನೆಯ ಹನಿ ಬೆರಳಿಗೆ ಅಂಟಲಿಲ್ಲ.

ಕತ್ತರಿ ಇನ್ನೊಮ್ಮೆ ಒತ್ತಿ ನೋಡಿದ. ಆರಿದ ಹಾಲಿನ ಮೇಲೆ ಕೆನೆ ಕಟ್ಟುವ ಹಾಗೆ ಹನಿಯ ಮೇಲೆ ತೆಳ್ಳನೆಯ, ಸುಕ್ಕುಗಟ್ಟಿದ ಪೊರೆ ಕಟ್ಟಿತ್ತು. ಬೆರಳ ತುದಿ ಒಣಗಿದ್ದಂತೆಯೇ ಇತ್ತು. ಪಕ್ಕದ ನಾಲ್ಕು ಹನಿಗಳು ಮಾತ್ರ ನಿನ್ನೆ ಬೆಳಿಗ್ಗೆ ಕಿಟಕಿಯಲ್ಲಿಟ್ಟ ಗಾಜಿನ ಚೂರಿನ ಮೇಲೆ ಬಿಟ್ಟಾಗ ಹೇಗಿದ್ದವೋ ಹಾಗೇ ಹಳದಿಯಾಗಿ, ಒದ್ದೆಯಾಗಿ ಹೊಳೆಯುತ್ತಿದ್ದವು.

"ಅಕ್ಕಾ, ಬಾ ಇಲ್ಲಿ," ಎಂದ. "ನಿನ್ನ ಎಣ್ಣೆ ಪಾಸಾಯ್ತು. ನಾನು ಏಳನೇ ಕ್ಲಾಸಲ್ಲಿ ಆಗದ ಪಾಸು ಇವತ್ತು ಆಗಿದೆ."

ಅಕ್ಕ ಫ್ಲಾಸ್ಕಿನಿಂದ ಟೀ ಬಗ್ಗಿಸುತ್ತಿದ್ದಳು. ನಾಯಿಗಳಿಗೆ ಸ್ನಾನ ಮಾಡಿಸಿ ಕೂದಲು ಕತ್ತರಿಸುವ, ತಮ್ಮನಿಗೆ ಕತ್ತರಿ ಎಂಬ ಅಡ್ಡಹೆಸರು ತಂದ ಆ ಅಂಗಡಿಯ ಶಟರ್ ಇನ್ನೂ ಅರ್ಧಕ್ಕೇ ನಿಂತಿತ್ತು. ಕೆಳಗಿನಿಂದ ನುಗ್ಗಿದ ಬಿಸಿಲು ಅವಳ ಚಪ್ಪಲಿಯವರೆಗೆ ಬಂದು ಅಲ್ಲೇ ಕೂತಿತ್ತು.

ಎರಡು ವಾರದಲ್ಲಿ ಮೂರು ನಾಯಿಗಳು ವಾಂತಿ ಮಾಡಿಕೊಂಡು ಮಲಗಿದ್ದವು, ಅದರಲ್ಲಿ ಒಂದು ಏಳಲೇ ಇಲ್ಲ; ತುರಿಕೆ ಹೋಗಲಿ, ಕೂದಲಿಗೆ ಹೊಳಪು ಬರಲಿ ಎಂದು ಆ ಮೂರೂ ಮನೆಯವರು ಊಟಕ್ಕೆ ಬೆರೆಸುತ್ತಿದ್ದದ್ದು ಅಕ್ಕನ ಗಾಣದ ಅಗಸೆ ಎಣ್ಣೆ; ನಾಯಿಗಳ ಆಸ್ಪತ್ರೆಯ ಡಾಕ್ಟರಮ್ಮ ಹಾಗೆಂದು ಮುನಿಸಿಪಾಲಿಟಿಗೆ ಕಾಗದ ಬರೆದಿದ್ದರು; ಆದ್ದರಿಂದ ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಅಲ್ಲಿನ ಸಾಹೇಬರು ಬಂದು ಆ ಗಾಣಕ್ಕೆ ಬೀಗ ಜಡಿಯುವವರಿದ್ದರು.

ಸಾಹೇಬರಿಗೆ ಬೀಗ ಹಾಕುವುದು ಚೆನ್ನಾಗಿ ಬರುತ್ತದೆ. ತೆಗೆಯುವುದು ಯಾರಿಗೂ ಬರುವುದಿಲ್ಲ.

"ಇದು ನಿನ್ನ ಡಬ್ಬದ ಎಣ್ಣೆ." ಕತ್ತರಿ ಒಂದೊಂದೇ ಹನಿಗೆ ಬೆರಳು ತೋರಿಸಿದ. "ಇದು ಸ್ಟೇಷನ್ ಮಾಸ್ಟರ್ ಮನೆ ಬಾಟಲಿದು. ಇದು ಬೇಕರಿಯವರದು. ಇದು ಟೈಲರಮ್ಮಂದು. ನಾಲ್ಕೂ ಹಸಿ. ಈ ಕೊನೇದು ಮಾತ್ರ ಒಂದೇ ದಿನಕ್ಕೆ ಒಣಗಿದೆ."

"ಅದು ಯಾವುದು?"

"ಪಾಲಿಶ್ ಮಾವನ ಡಬ್ಬದ್ದು. ನಿನ್ನೆ ಬೆಳಿಗ್ಗೆ ಅವನ ಬಾಗಿಲಲ್ಲಿ ಕಡ್ಡಿಗೆ ತಾಗಿಸ್ಕೊಂಡು ಬಂದೆ."

ಸ್ಕೂಲಿಗೆ ಸಲಾಮು ಹೊಡೆದು ಬಂದ ವರ್ಷ ಕತ್ತರಿ ಆರು ತಿಂಗಳು ಪಾಲಿಶ್ ಅಂಗಡಿಯಲ್ಲಿ ಕುರ್ಚಿ ಉಜ್ಜಿದ್ದ. ಅಲ್ಲಿ ಕಲಿತದ್ದು ಇದೊಂದೇ. ಹಸಿ ಅಗಸೆ ಎಣ್ಣೆ ಗಾಜಿನ ಮೇಲೆ ವಾರಗಟ್ಟಲೆ ಒಣಗುವುದಿಲ್ಲ. ಮರಕ್ಕೆ ಬಳಿಯುವವರು ಅದೇ ಎಣ್ಣೆಯನ್ನು ಕುದಿಸಿ, ಬೇಗ ಒಣಗಲೆಂದು ಒಂದು ಪುಡಿ ಬೆರೆಸುತ್ತಾರೆ. ಆಮೇಲೆ ಅದು ಒಂದೇ ದಿನದಲ್ಲಿ ಪೊರೆ ಕಟ್ಟುತ್ತದೆ. ಎರಡಕ್ಕೂ ಬೀಜ ಒಂದೇ, ಬಣ್ಣ ಹೆಚ್ಚುಕಮ್ಮಿ ಒಂದೇ. ಒಂದು ಹೊಟ್ಟೆಗೆ, ಒಂದು ಕುರ್ಚಿಗೆ.

"ಅಂದ್ರೆ ನನ್ನ ಬಾಟಲಿಗಳಲ್ಲಿ ತಪ್ಪಿಲ್ಲ," ಎಂದಳು ಅಕ್ಕ. ಅವಳ ಭುಜ ಎರಡು ವಾರದಲ್ಲಿ ಮೊದಲ ಸಲ ಸ್ವಲ್ಪ ಕೆಳಗಿಳಿಯಿತು.

"ಇಲ್ಲ. ಆದ್ರೆ ಇದನ್ನ ನೋಡು."

ಕತ್ತರಿ ಜೇಬಿನಿಂದ ಬೆಂಕಿಪೊಟ್ಟಣ ತೆಗೆದ. ಒಳಗೆ ಬೂದುಬಣ್ಣದ ಒಂದು ಚಿಟಿಕೆ ಕೂದಲಿತ್ತು. ಕಂಬಳಿ ಎಂಬ ಹೆಸರಿನ, ಸತ್ತುಹೋದ ಮುದಿ ನಾಯಿಯ ಗಡ್ಡದ ಕೂದಲು. ವಾಂತಿಯಲ್ಲಿ ಹೊರಳಿದ ಅದನ್ನು ತೊಳೆಸಲು ತಂದಾಗ ಬಾಯಿಯ ಪಕ್ಕದ ಕೂದಲು ತೊಳೆಯದೆ ಬಿಟ್ಟ ಬ್ರಷ್ಷಿನಂತೆ ಸೆಟೆದು ನಿಂತಿತ್ತು. ಸೋಪಿಗೆ ಬಗ್ಗಲಿಲ್ಲ, ಬಾಚಣಿಗೆಗೆ ಬಗ್ಗಲಿಲ್ಲ. ಕೊನೆಗೆ ಕತ್ತರಿಸಬೇಕಾಯಿತು. ದಿನಕ್ಕೆ ಎಂಟು ನಾಯಿಗಳ ಗಡ್ಡ ಹಿಡಿಯುವ ಕೈಗೆ ಅದು ಎಲ್ಲೋ ಕುಟುಕಿತು. ಎಸೆಯದೆ ಎತ್ತಿಟ್ಟುಕೊಂಡಿದ್ದ.

"ಮುರಿದು ನೋಡು. ಟಕ್ ಅನ್ನುತ್ತೆ. ನಿನ್ನ ಎಣ್ಣೆ ಗಡ್ಡಕ್ಕೆ ತಾಗಿದ್ರೆ ನಾಯಿ ನೆಕ್ಕಿ ಮುಗಿಸ್ತಿತ್ತು. ಇದು ಪಾಲಿಶ್ ಎಣ್ಣೆ ಅಕ್ಕ. ಯಾರೋ ಕಂಬಳಿಗೆ ಪಾಲಿಶ್ ಎಣ್ಣೆ ತಿನ್ನಿಸಿದಾರೆ."

ಅಕ್ಕ ಕೂದಲನ್ನು ಬೆರಳುಗಳ ನಡುವೆ ಹಿಡಿದಳು. ಅದು ಮುರಿಯಿತು.

ಖುಷಿಯಿಂದ ಏನಾದರೂ ಅನ್ನುತ್ತಾಳೆ ಎಂದು ಕತ್ತರಿ ಕಾದಿದ್ದ. ಅಕ್ಕನ ಕಣ್ಣು ಗಾಜು ಬಿಟ್ಟು ಅಂಗಡಿಯೊಳಗೆ ನಿಧಾನವಾಗಿ ಅಲೆಯಿತು. ಸ್ನಾನದ ತೊಟ್ಟಿ. ಉಣ್ಣೆಹುಳ ಸಾಯಿಸುವ ಸೋಪಿನ ಕ್ಯಾನು. ಅದರ ಘಾಟಿಗೆ ಹೊಸಬರ ಕಣ್ಣಲ್ಲಿ ನೀರು ಬರುತ್ತಿತ್ತು. ಗೋಡೆಗೆ ಅಂಟಿಸಿದ ನೆಕ್ಕುವ ತಟ್ಟೆ. ಸುಮ್ಮನೆ ನಿಲ್ಲದ ನಾಯಿಗಳ ಮೂತಿಯೆದುರು ಅದರ ಮೇಲೆ ಏನಾದರೂ ಬಳಿದುಬಿಟ್ಟರೆ, ನೆಕ್ಕುತ್ತಾ ನಿಲ್ಲುತ್ತವೆ, ಇತ್ತ ಕತ್ತರಿ ತನ್ನ ಕೆಲಸ ಮುಗಿಸುತ್ತಾನೆ. ಅಕ್ಕನ ಕಣ್ಣು ತಟ್ಟೆಯಿಂದ ಮೇಲಿನ ಹಲಗೆಗೆ ಹೋಗಿ, ಅಲ್ಲಿಂದ ಕೆಳಗಿಳಿದು, ನಾಯಿಗಳನ್ನು ನಿಲ್ಲಿಸುವ ಮರದ ಟೇಬಲ್ಲಿನ ಮೇಲೆ ನಿಂತಿತು. ನೀರು ಕುಡಿದು ಕುಡಿದು ಅದರ ಹಲಗೆ ಬಿರುಕು ಬಿಟ್ಟಿತ್ತು.

"ಟೇಬಲ್ಲು ಹಾಗೇ ಇದೆಯಲ್ಲೋ," ಎಂದಳು.

"ನಾನು ಏನು ಹೇಳ್ತಿದೀನಿ, ನೀನು ಏನು ನೋಡ್ತಿದೀಯ? ನಾಳೆ ಗಾಣಕ್ಕೆ ಬೀಗ ಬೀಳುತ್ತೆ ಮಾರಾಯ್ತಿ."

"ಕೂದಲ ವಿಷಯ ಯಾರಿಗೆ ಹೇಳಿದೀಯ?"

"ಇನ್ನೂ ಯಾರಿಗೂ ಇಲ್ಲ. ಡಾಕ್ಟರಮ್ಮನಿಗೆ ಹೇಳ್ಬೇಕು. ಆದ್ರೆ ಯಾರು ಮಾಡಿದ್ದು ಅಂತ ಗೊತ್ತಾಗದೆ ಹೋದ್ರೆ ಏನು ಪ್ರಯೋಜನ? ಓದಿದವರು ಕಾಗದದಲ್ಲಿ ಬರೆದ್ರೆ ಸಾಕ್ಷಿ. ಓದದವನು ಕೈಯಲ್ಲಿ ಹಿಡಿದು ತೋರಿಸಿದ್ರೆ ಗಾಜಿನ ಚೂರು."

"ಇವತ್ತು ಸುಮ್ನಿರು," ಎಂದಳು ಅಕ್ಕ. ಟೀ ಲೋಟವನ್ನು ಅವನ ಕೈಗಿಟ್ಟಳು. "ಎಲ್ಲಿಗೂ ಹೋಗ್ಬೇಡ. ಯಾರ ಹತ್ರಾನೂ ಜಗಳ ಆಡ್ಬೇಡ. ನಾನು ನೋಡ್ಕೋತೀನಿ."

"ನೀನು ಏನು ನೋಡ್ಕೋತೀಯ?"

"ಎಂಟನೇ ವಯಸ್ಸಿಂದ ನಿನ್ನನ್ನ ನೋಡ್ಕೊಂಡಿಲ್ವಾ?"

ಅವಳು ಹೊರಟುಹೋದಳು. ಫ್ಲಾಸ್ಕು ಮರೆತಿದ್ದಳು. ಅಕ್ಕ ಏನನ್ನೂ ಮರೆಯುವವಳಲ್ಲ.

ಕತ್ತರಿ ಟೀ ಕುಡಿಯಲಿಲ್ಲ. ಅವನಿಗೆ ಸಿಟ್ಟು ಬಂದರೆ ಟೀ ಇಳಿಯುವುದಿಲ್ಲ, ಮತ್ತು ಸಿಟ್ಟು ಅವನ ಮೂಗಿನ ತುದಿಯಲ್ಲೇ ಬಾಡಿಗೆ ಇಲ್ಲದೆ ವಾಸವಾಗಿತ್ತು. ಸುಮ್ಮನಿರು ಎಂದು ಯಾರಾದರೂ ಹೇಳಿದರೆ ಸಾಕು, ಕಾಲು ತಾನಾಗಿ ಚಪ್ಪಲಿ ಹುಡುಕುತ್ತಿತ್ತು.

*

ರಿಟೈರ್ಡ್ ಸ್ಟೇಷನ್ ಮಾಸ್ಟರ್ ಮನೆಯ ವರಾಂಡದಲ್ಲಿ ಕಂಬಳಿಯ ಬೆಲ್ಟು ಇನ್ನೂ ಮೊಳೆಗೆ ನೇತಾಡುತ್ತಿತ್ತು. ಅದರ ಕೆಳಗೆ ನೀರಿನ ಬಟ್ಟಲು. ಬಟ್ಟಲಲ್ಲಿ ನೀರೂ ಇತ್ತು.

"ತುಂಬಿಸೋದು ಅಭ್ಯಾಸ ಆಗಿಬಿಟ್ಟಿದೆ," ಎಂದರು ಮಾಸ್ಟರು, ಕತ್ತರಿ ಆ ಕಡೆ ನೋಡಿದ್ದನ್ನು ಕಂಡು. "ಕೂತ್ಕೊಳ್ಳಪ್ಪ. ನಿನ್ನ ಮೇಲೆ ನಂಗೇನೂ ಕೋಪ ಇಲ್ಲ. ನಿಮ್ಮಕ್ಕನ ಮೇಲೂ ಇಲ್ಲ. ಅವಳ ಎಣ್ಣೆ ಶುರು ಮಾಡಿದ ಮೇಲೇ ಅದರ ಬೆನ್ನಿನ ಹೊಟ್ಟು ಹೋಗಿದ್ದು. ಕೂದಲು ಹೇಗೆ ಬಂದಿತ್ತು ಅಂತೀಯ, ಕನ್ನಡಿ ಇಟ್ಟ ಹಾಗೆ."

"ಸಾರ್, ಕಂಬಳಿಗೆ ಯಾವಾಗ ಯಾವಾಗ ಹುಷಾರು ತಪ್ಪಿತು, ನೆನಪಿದೆಯಾ?"

ಮಾಸ್ಟರಿಗೆ ನೆನಪಿನ ಅಗತ್ಯವಿರಲಿಲ್ಲ. ಮೂವತ್ತೈದು ವರ್ಷ ರೈಲುಗಳನ್ನು ಬರಮಾಡಿ ಕಳಿಸಿದ ಮನುಷ್ಯ. ಮನೆಯಲ್ಲಿ ಹಾಲು ಬಂದ ಹೊತ್ತು, ಕರೆಂಟು ಹೋದ ಹೊತ್ತು, ಸೊಸೆ ಮುನಿದ ಹೊತ್ತು, ಎಲ್ಲಕ್ಕೂ ಅವರ ಬಳಿ ಒಂದು ಉದ್ದನೆಯ ಪುಸ್ತಕವಿತ್ತು. ಕನ್ನಡಕ ಏರಿಸಿ ಹಾಳೆ ತಿರುವಿದರು.

"ಮಂಗಳವಾರ. ನಾಲ್ಕು ಹತ್ತಕ್ಕೆ ನಿನ್ನ ಅಂಗಡಿ. ಐದೂಕಾಲಿಗೆ ವಾಪಸ್ ಹೊರಟಿತು. ಆರು ಇಪ್ಪತ್ತೈದಕ್ಕೆ ಮೊದಲನೇ ವಾಂತಿ. ಶುಕ್ರವಾರದ ಹೊತ್ತಿಗೆ ಸುಧಾರಿಸಿತ್ತು, ಗಂಜಿ ಕುಡೀತು. ಶನಿವಾರ ಹನ್ನೊಂದಕ್ಕೆ ತೊಳೆಸೋಕೆ ಮತ್ತೆ ನಿನ್ನ ಹತ್ರ ಕರ್ಕೊಂಡು ಬಂದೆ. ಒಂದೂಕಾಲಿಗೆ ಮತ್ತೆ ವಾಂತಿ. ಈ ಸಲ ಜೋರು." ಬೆರಳು ಕೊನೆಯ ಸಾಲಿಗೆ ಬಂತು. "ಸೋಮವಾರ ಬೆಳಿಗ್ಗೆ ಐದು ನಲವತ್ತಕ್ಕೆ ಹೊರಟಿತು."

ಪುಸ್ತಕ ಮುಚ್ಚಿದರು.

"ನನ್ನ ಅಂಗಡಿಗೆ ಬರೋವಾಗ ದಾರೀಲಿ ಎಲ್ಲಾದರೂ ನಿಲ್ತಿತ್ತಾ ಸಾರ್?"

"ಪಾಲಿಶ್ ಅಂಗಡಿ ಮುಂದೆ. ಅಲ್ಲಿರೋ ಕಂಬಕ್ಕೆ ಕಾಲೆತ್ತದೆ ಕಂಬಳಿ ಒಂದು ದಿನಾನೂ ಮುಂದೆ ಹೋದದ್ದಿಲ್ಲ. ಎರಡು ನಿಮಿಷದ ನಿಲುಗಡೆ."

"ಎರಡು ದಿನಾನೂ ನಿಂತಿತ್ತಾ?"

"ಬರೋವಾಗ ಒಂದು, ಹೋಗೋವಾಗ ಒಂದು."

ಕತ್ತರಿಯ ತಲೆಯೊಳಗೆ ಏನೋ ಬಂದು ಠಕ್ಕನೆ ಕೂತಿತು. ಪಾಲಿಶ್ ಮಾವನ ಅಂಗಡಿಗೂ ಅಕ್ಕನ ಗಾಣದ ಶೆಡ್ಡಿಗೂ ನಡುವೆ ಒಂದೇ ಗೋಡೆ. ಆ ಶೆಡ್ಡು ತನಗೆ ಬಿಟ್ಟುಕೊಡು, ಅಲ್ಮೇರಾ ಇಡೋಕೆ ಜಾಗ ಇಲ್ಲ ಎಂದು ಅವನು ಎರಡು ವರ್ಷದಿಂದ ಕೇಳುತ್ತಲೇ ಇದ್ದ. ಗಾಣಕ್ಕೆ ಬೀಗ ಬಿದ್ದರೆ ಯಾರಿಗೆ ಲಾಭ? ಬ್ರೆಡ್ಡಿನ ಚೂರನ್ನು ಡಬ್ಬದಲ್ಲಿ ಅದ್ದಿ ಹಾದುಹೋಗುವ ನಾಯಿಯ ಬಾಯಿಗಿಡಲು ಎರಡು ನಿಮಿಷ ಬೇಕೇ?

ಅವನು ಎದ್ದ. ಮಾಸ್ಟರು ಪುಸ್ತಕ ತೆಗೆದು ಏನೋ ಬರೆದುಕೊಂಡರು. ಬಹುಶಃ ಅವನು ಹೊರಟ ಹೊತ್ತು.

*

ಪಾಲಿಶ್ ಮಾವ ಯಾರಿಗೂ ನಿಜವಾದ ಮಾವನಲ್ಲ, ಆದರೆ ಬೀದಿಯವರಿಗೆಲ್ಲ ಮಾವ. ಮೊಣಕಾಲಿನ ಮೇಲೆ ಒಂದು ಕುರ್ಚಿಯ ಕಾಲು ಇಟ್ಟುಕೊಂಡು, ಮಗುವಿನ ಕಾಲಿಗೆ ಎಣ್ಣೆ ತಿಕ್ಕುವವನಂತೆ ಬಟ್ಟೆಯಿಂದ ಉಜ್ಜುತ್ತಿದ್ದ. ಉಜ್ಜಿ ಮುಗಿದ ಬಟ್ಟೆಗಳು ಪಕ್ಕದ ಬಕೆಟ್ಟಿನ ನೀರಿನಲ್ಲಿ ಮುಳುಗಿದ್ದವು. ಹೊರಗೆ ಗುಡ್ಡೆ ಹಾಕಿದರೆ ಆ ಬಟ್ಟೆಗಳು ತಾವಾಗಿಯೇ ಕಾವು ಏರಿ ಹೊತ್ತಿಕೊಳ್ಳುತ್ತವೆ ಎಂದು ಕತ್ತರಿಗೆ ಇಲ್ಲೇ ಗೊತ್ತಾಗಿದ್ದು. ತನ್ನ ಹಾಗೆಯೇ, ಎಂದು ಆಗ ಅನ್ನಿಸಿತ್ತು.

"ಬಾ ಅಳಿಯಾ," ಎಂದ ಮಾವ, ತಲೆ ಎತ್ತದೆ. "ನಿನ್ನ ಹೆಜ್ಜೆ ಸದ್ದಿನಲ್ಲೇ ಗೊತ್ತಾಯ್ತು, ಇವತ್ತು ಜಗಳಕ್ಕೆ ಬಂದಿದೀಯ. ಕೂತ್ಕೊಂಡು ಆಡು. ಆ ಸ್ಟೂಲಿನ ಮೇಲೆ ಬೇಡ, ಹಸಿ ಇದೆ."

ಕತ್ತರಿ ನಿಂತೇ ಇದ್ದ. ಬೆಂಕಿಪೊಟ್ಟಣ ತೆರೆದು ಕುರ್ಚಿ ಕಾಲಿನ ಮೇಲಿಟ್ಟ.

"ಇದೇನು ಹೇಳು ಮಾವ."

ಮಾವ ಕೂದಲೆತ್ತಿ ಬೆಳಕಿಗೆ ಹಿಡಿದ. ಮೂಸಿದ. ಎರಡು ಬೆರಳಲ್ಲಿ ಮುರಿದ. ಅವನ ಮುಖದಲ್ಲಿ ಏನೂ ಬದಲಾಗಲಿಲ್ಲ.

"ಎಣ್ಣೆ ನಂದೇ," ಎಂದ.

ಅಷ್ಟು ಸಲೀಸಾಗಿ ಒಪ್ಪಿಕೊಳ್ಳುತ್ತಾನೆಂದು ಕತ್ತರಿ ಅಂದುಕೊಂಡಿರಲಿಲ್ಲ. ಕೂಗಲೆಂದು ಎದೆಯಲ್ಲಿ ತುಂಬಿಕೊಂಡಿದ್ದ ಗಾಳಿ ಅಲ್ಲೇ ಉಳಿಯಿತು.

"ನಂದಲ್ಲದೆ ಇನ್ಯಾರದು? ಈ ಬೀದೀಲಿ ಎಣ್ಣೆ ಕುದಿಸೋನು ನಾನೊಬ್ಬನೇ. ಕೂದಲು ಯಾರದು?"

"ಕಂಬಳಿದು."

ಮಾವನ ಕೈ ನಿಂತಿತು. ಬಟ್ಟೆಯನ್ನು ಬಕೆಟ್ಟಿಗೆ ಹಾಕಿದ.

"ನಿಂಗೆ ಶೆಡ್ಡು ಬೇಕಿತ್ತು," ಎಂದ ಕತ್ತರಿ. "ಅದಕ್ಕೆ ಮೂಕಪ್ರಾಣಿಗಳಿಗೆ ಇದನ್ನ ತಿನ್ನಿಸಿದೆ. ನನ್ನ ಅಕ್ಕ ಹದಿನಾಲ್ಕು ವರ್ಷ ಗಾಣದ ಮುಂದೆ ನಿಂತು ನಿಂತು ಕಾಲಿನ ನರ ಉಬ್ಬಿಸ್ಕೊಂಡಿದಾಳೆ. ನಿನಗೆ ಅಲ್ಮೇರಾ ಇಡೋಕೆ ಜಾಗ ಬೇಕಾಗಿತ್ತು."

"ಮುಗೀತಾ?"

"ಇಲ್ಲ."

"ಮುಗಿಸು. ಆಮೇಲೆ ನಾನು ಹೇಳ್ತೀನಿ."

ಹೀಗೆ ಸಮಾಧಾನವಾಗಿ ಕೇಳಿಸಿಕೊಳ್ಳುವವರ ಮುಂದೆ ಜಗಳಕ್ಕೆ ಉಸಿರೇ ಸಾಲದು.

ಮಾವ ಬಾಗಿಲ ಬಳಿ ಕೈ ತೋರಿಸಿದ. ಕಂಬದ ಬುಡದಲ್ಲಿ ಬೀದಿಯ ಕೆಂಬಣ್ಣದ ನಾಯಿ ಅಡ್ಡಬಿದ್ದು ನಿದ್ದೆ ಮಾಡುತ್ತಿತ್ತು. "ಅದು ಹನ್ನೊಂದು ವರ್ಷದಿಂದ ಅಲ್ಲೇ ಮಲಗುತ್ತೆ. ನನ್ನ ಬನ್ನು ತಿಂದೇ ಬೆಳೆದಿದ್ದು. ನಾನು ನಾಯಿಗೆ ವಿಷ ಹಾಕೋನಾಗಿದ್ರೆ ಮೊದಲು ಅದು ಸಾಯ್ಬೇಕಿತ್ತು, ಅದರ ಗೊರಕೆಗೆ. ಎರಡನೇದು, ಮೂಗು ಉಪಯೋಗಿಸು. ಈ ಡಬ್ಬ ಮೂಸು."

ಕತ್ತರಿ ಮೂಸಿದ. ಹೊಸದಾಗಿ ಬಣ್ಣ ಬಳಿದ ಕೋಣೆಯ ವಾಸನೆ ಹಣೆಯವರೆಗೆ ಹೋಯಿತು.

"ಯಾವ ಮನೇಲಿ ಇದನ್ನ ಅನ್ನಕ್ಕೆ ಕಲಸ್ತಾರೆ ಹೇಳು. ಸ್ಟೇಷನ್ ಮಾಸ್ಟರ್ ಮೂಗು ಇನ್ನೂ ಸರ್ವಿಸ್‌ನಲ್ಲಿದೆ. ಬೇಕರಿಯವನು ಮೂಗಿನಿಂದಲೇ ಬದುಕೋನು. ಟೈಲರಮ್ಮ ನನ್ನ ಬಾಗಿಲು ದಾಟೋವಾಗ ಸೆರಗು ಮುಚ್ಕೋತಾಳೆ. ಇದು ಗೊತ್ತಾಗದೆ ಇರ್ಬೇಕು ಅಂದ್ರೆ ಆ ಜಾಗದಲ್ಲಿ ಇದಕ್ಕಿಂತ ಜೋರಾದ ಇನ್ನೊಂದು ವಾಸನೆ ಇರ್ಬೇಕು. ಅಲ್ಲಿರೋನ ಮೂಗು ಆ ವಾಸನೆಗೆ ಸತ್ತೇ ಹೋಗಿರ್ಬೇಕು."

"ಒಗಟು ಬೇಡ ಮಾವ. ಈ ಎಣ್ಣೆ ಯಾರಿಗೆ ಕೊಟ್ಟೆ ಹೇಳು."

"ಕಳೆದ ಎರಡು ತಿಂಗಳಲ್ಲಿ ಹೊರಗೆ ಹೋಗಿದ್ದು ಒಂದೇ ಬಾಟಲಿ."

"ಯಾರಿಗೆ?"

ಮಾವ ಕುರ್ಚಿಯ ಕಾಲನ್ನು ಮೊಣಕಾಲಿನಿಂದ ಇಳಿಸಿ ಗೋಡೆಗೆ ಒರಗಿಸಿದ.

"ನಿಂಗೆ," ಎಂದ.

"ನಾನ್ಯಾವಾಗ ತಗೊಂಡೆ?"

"ನಿನ್ನ ಕೈಗಲ್ಲ. ನಿನ್ನ ಟೇಬಲ್ಲಿಗೆ. ಮೂರು ವಾರದ ಹಿಂದೆ ನಿಮ್ಮಕ್ಕ ಬಂದಿದ್ಲು. ತಮ್ಮನ ಟೇಬಲ್ಲು ಸೀಳಿದೆ ಮಾವ, ನಾಯಿ ಕಾಲಿಗೆ ಸಿಬರು ಚುಚ್ಚುತ್ತೆ, ಒಂದು ಬಾಟಲಿ ಕೊಡು ಅಂದ್ಲು. ಅವಳದೇ ಖಾಲಿ ಬಾಟಲಿ ತಂದಿದ್ಲು. ತುಂಬಿಸಿಕೊಟ್ಟೆ. ಅಭ್ಯಾಸಬಲ ನೋಡು, ಇಲ್ಲೇ ನಿಂತು ಕುತ್ತಿಗೆಗೆ ದಾರಾನೂ ಸುತ್ತಿದ್ಲು. ಆದ್ರೆ ಗಂಟು ಹಾಕ್ಲಿಲ್ಲ. ಇದಕ್ಕೆ ವಾರ ಎಲ್ಲಿಂದ ತರ್ಲಿ ಅಂತ ನಕ್ಲು."

ಅಕ್ಕನ ಬಾಟಲಿಗಳ ಮೇಲೆ ಚೀಟಿ ಇರುವುದಿಲ್ಲ. ಎಣ್ಣೆ ಕೈಗೆ ಚೀಟಿ ಜಾರುತ್ತದೆ, ಶಾಯಿ ಕರಗುತ್ತದೆ. ಅವಳು ಬಾಟಲಿಯ ಕುತ್ತಿಗೆಗೆ ದಾರ ಸುತ್ತಿ ಗಂಟು ಹಾಕುತ್ತಾಳೆ. ತಿಂಗಳ ಮೊದಲ ವಾರ ಅರೆದದ್ದಕ್ಕೆ ಒಂದು ಗಂಟು, ಎರಡನೆಯ ವಾರದ್ದಕ್ಕೆ ಎರಡು. ಅಗಸೆ ಎಣ್ಣೆ ಬೇಗ ಕೆಡುವ ವಸ್ತು. ಗಂಟು ಎಣಿಸಿದರೆ ಅದರ ವಯಸ್ಸು ಗೊತ್ತಾಗುತ್ತದೆ. ಗಿರಾಕಿಗಳೆಲ್ಲ ಬಾಟಲಿ ಹಿಡಿದ ಕೂಡಲೇ ಹೆಬ್ಬೆರಳಲ್ಲಿ ಗಂಟು ಎಣಿಸುತ್ತಾರೆ.

ತಮ್ಮ ಮಾತ್ರ ಯಾವತ್ತೂ ಎಣಿಸಿದವನಲ್ಲ. ಅಕ್ಕ ಕೊಟ್ಟದ್ದಕ್ಕೆ ಲೆಕ್ಕ ಎಂಥದು?

"ನೀರು ಕುಡೀತೀಯ?" ಎಂದು ಮಾವ ಕೇಳಿದ್ದು ಎಲ್ಲಿಂದಲೋ ಕೇಳಿಸಿತು.

ಮೂರು ವಾರದ ಹಿಂದಿನ ಆ ದಿನ ಕತ್ತರಿ ಫೋನಿನಲ್ಲಿ ಕಿರುಚುತ್ತಿದ್ದ. ನಾಯಿಯ ಬಾಲ ಗಿಡ್ಡ ಮಾಡಿದ್ದಕ್ಕೆ ಯಾವನೋ ದೂರು ಕೊಡುತ್ತೇನೆಂದಿದ್ದ. ಹಿಂದೆ ಅಕ್ಕ ಬಂದಳು. ಹಲಗೆಯ ಮೇಲೆ ಏನೋ ಇಟ್ಟ ಸದ್ದಾಯಿತು. ಏನೋ ಹೇಳಿದಳು, ಟೇಬಲ್ಲಿನ ಕಡೆ ಕೈ ಮಾಡಿದಳು. ಅವನು ತಿರುಗಿಯೂ ನೋಡದೆ ಆಯ್ತಾಯ್ತು ಎಂಬಂತೆ ಕೈ ಬೀಸಿ, ಮತ್ತೆ ಕಿರುಚಲು ಹೋದ. ಅವನ ಜೀವನದಲ್ಲಿ ಮುಖ್ಯವಾದ ಮಾತುಗಳನ್ನೆಲ್ಲ ಜನ ಹೇಳಿದ್ದು ಅವನು ಇನ್ಯಾರಿಗೋ ಬೈಯುತ್ತಿದ್ದಾಗಲೇ.

ಅದೇ ವಾರ ಗಾಣದಲ್ಲಿ ಬೀಜ ಅರೆಯುವ ದಪ್ಪ ಸ್ಕ್ರೂ ಮುರಿದಿತ್ತು. ಅದನ್ನು ಹೆಗಲ ಮೇಲೆ ಹೊತ್ತು ರಿಪೇರಿಗೆ ಲೇತಿನ ಅಂಗಡಿಗೆ ಕೊಂಡೊಯ್ದವನು ಅವನೇ. ಎಂಟು ದಿನ ಗಾಣ ತಿರುಗಲಿಲ್ಲ, ಒಂದು ತೊಟ್ಟು ಎಣ್ಣೆ ಬೀಳಲಿಲ್ಲ. ನೆಕ್ಕುವ ತಟ್ಟೆಗೆಂದು ಅಕ್ಕ ಅವನಿಗೆ ಕೊಡುತ್ತಿದ್ದ ಎಣ್ಣೆಯೂ ತೀರಿತ್ತು. ಸಂಜೆ ಹಲಗೆಯ ಮೇಲೆ ತುಂಬಿದ ಬಾಟಲಿ ಕಂಡಾಗ, ಎಲ್ಲಿಂದ ಬಂತು ಎಂದು ಅವನು ಯೋಚಿಸಲಿಲ್ಲ. ನನಗಾಗಿ ಎಲ್ಲೋ ಎತ್ತಿಟ್ಟಿದ್ದಳು ಎಂದುಕೊಂಡ. ಖುಷಿಪಟ್ಟ.

ಬೇಯಿಸಿದ ಮೊಟ್ಟೆ ಕಿವುಚಿ, ಆ ಎಣ್ಣೆ ಬೆರೆಸಿ, ನೆಕ್ಕುವ ತಟ್ಟೆಗೆ ಬಳಿದ; ಸೋಪಿನ ಘಾಟಿನಲ್ಲಿ ಮೂಗಿಗೆ ಏನೂ ತಿಳಿಯಲಿಲ್ಲ. ಎಲ್ಲ ನಾಯಿಗಳಿಗೂ ಅಲ್ಲ. ಉಳಿದವು ಸುಮ್ಮನೆ ನಿಲ್ಲುತ್ತಿದ್ದವು. ನಿಲ್ಲದೆ ಇದ್ದದ್ದು ಮೂರೇ. ಸ್ಟೇಷನ್ ಮಾಸ್ಟರ ಕಂಬಳಿ, ಬೇಕರಿಯವರ ಬನ್ನು, ಟೈಲರಮ್ಮನ ಗುಂಡಿ.

ನಾಲ್ಕು ಹತ್ತಕ್ಕೆ ನಿನ್ನ ಅಂಗಡಿ. ಆರು ಇಪ್ಪತ್ತೈದಕ್ಕೆ ಮೊದಲನೇ ವಾಂತಿ.

ಶನಿವಾರ ಕಂಬಳಿ ಸೋತು ಬಂದಿತ್ತು. ಗಡ್ಡ ಕತ್ತರಿಸುವಾಗ ಕೈಗೆ ತಲೆ ಆನಿಸಿತ್ತು. ಪಾಪ, ಹೊಟ್ಟೆ ಖಾಲಿಯಾಗಿದೆ, ಸ್ವಲ್ಪ ಶಕ್ತಿ ಬರಲಿ ಎಂದು ಆ ದಿನ ಎರಡು ಚಮಚ ಹೆಚ್ಚು ಹಾಕಿದ್ದ. ಕಂಬಳಿಗೆ ಬೇಡವಾಗಿತ್ತು, ಮುಖ ತಿರುಗಿಸಿತ್ತು. ಅವನೇ ಬೆರಳಲ್ಲಿ ತೆಗೆದು ಬಾಯಿಗಿಟ್ಟು ಮುದ್ದಿಸಿ ತಿನ್ನಿಸಿದ್ದ.

"ಮಾವ," ಎಂದ. "ಅಕ್ಕ ಇವತ್ತು ಇಲ್ಲಿಗೆ ಬಂದಿದ್ಲಾ?"

"ನಿನಗಿಂತ ಮುಂಚೆ ಬಂದಿದ್ಲು. ಆ ಎಣ್ಣೆಗೆ ಯಾವ ಪುಡಿ ಹಾಕ್ತೀಯ, ಹೊಟ್ಟೆಗೆ ಹೋದ್ರೆ ಏನಾಗುತ್ತೆ ಅಂತ ಕೇಳಿದ್ಲು. ಹೇಳಿದೆ. ಯಾರು ಕೇಳಿದ್ರೂ ನಾನು ಬಂದಿದ್ದು ಹೇಳ್ಬೇಡ ಮಾವ ಅಂದ್ಲು." ಮಾವ ಬಕೆಟ್ಟಿನೊಳಗೆ ನೋಡುತ್ತಾ ಹೇಳಿದ. "ನಿನಗೆ ಹೇಳದೆ ಇರೋಕೆ ಆಗ್ಲಿಲ್ಲ ಕಣೋ. ಸುಳ್ಳು ಹೇಳೋ ಮುಖ ನಂದಲ್ಲ."

*

ಶಟರ್ ಅರ್ಧಕ್ಕೇ ಇತ್ತು. ಬೀಗ ಹಾಕಿ ಹೋಗಿದ್ದನೇ ಇಲ್ಲವೇ, ನೆನಪಾಗಲಿಲ್ಲ. ಅಂಗಡಿಯ ಬೀಗದ ಕೈ ಎರಡು. ಒಂದು ಅವನ ಜೇಬಿನಲ್ಲಿ, ಇನ್ನೊಂದು ಅಕ್ಕನ ಸೊಂಟದಲ್ಲಿ.

ನೇರವಾಗಿ ಹಲಗೆಯ ಹತ್ತಿರ ಹೋದ. ಬಾಚಣಿಗೆಗಳಿದ್ದವು. ಪೌಡರ್ ಡಬ್ಬವಿತ್ತು. ಬಾಟಲಿ ಇರಲಿಲ್ಲ.

ಅದು ಕೂತಿದ್ದ ಜಾಗದಲ್ಲಿ ಎಣ್ಣೆ ಇಳಿದು ಒಂದು ಉಂಗುರದ ಗುರುತಾಗಿತ್ತು. ಕತ್ತರಿ ಬೆರಳು ಒತ್ತಿದ. ಬೆರಳಿಗೆ ಅಂಟಲಿಲ್ಲ.

ಗೋಡೆಯ ಮೇಲಿನ ನೆಕ್ಕುವ ತಟ್ಟೆಯನ್ನು ಯಾರೋ ಉಜ್ಜಿ ಉಜ್ಜಿ ತೊಳೆದಿದ್ದರು. ಅದು ಇನ್ನೂ ಒದ್ದೆಯಾಗಿತ್ತು. ಕಿಟಕಿಯಲ್ಲಿ ಐದು ಹನಿಗಳ ಗಾಜೂ ಇರಲಿಲ್ಲ.

ಫೋನು ಬಡಿದುಕೊಂಡಿತು. ನಾಯಿಗಳ ಆಸ್ಪತ್ರೆಯ ಡಾಕ್ಟರಮ್ಮ.

"ನಿಮ್ಮಕ್ಕನ ಫೋನು ಹೋಗ್ತಿಲ್ಲ, ಅದಕ್ಕೆ ನಿಮಗೆ ಮಾಡಿದೆ," ಎಂದರು. ಅವರ ದನಿ ಯಾವತ್ತಿನಂತೆ ಮೆತ್ತಗಿತ್ತು. ಕಾಗದ ಬರೆದಾಗಲೂ ಹೀಗೇ ಮೆತ್ತಗೆ ಬರೆದಿದ್ದರು. "ಅವರು ಅರ್ಧ ಗಂಟೆ ಹಿಂದೆ ಇಲ್ಲಿಗೆ ಬಂದು ತಪ್ಪೊಪ್ಪಿಕೊಂಡು ಬರೆದುಕೊಟ್ಟು ಹೋದರು. ಹಳೇ ಬೀಜ ಅರೆದು, ಹಳಸಿದ ಎಣ್ಣೆ ಅಂತ ಗೊತ್ತಿದ್ದೂ ಮಾರಿದೆ ಅಂತ. ನನಗೂ ಬೇಜಾರಾಯ್ತು. ಒಳ್ಳೇ ಹೆಂಗಸು ಅಂದ್ಕೊಂಡಿದ್ದೆ."

ಕತ್ತರಿ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದ.

"ಖಾಲಿ ಬಾಟಲೀನೂ ತೊಳೆದು ಕೊಟ್ಟಿದಾರೆ. ಅವರ ಗಂಟಿನ ಲೆಕ್ಕ ನನಗೆ ಸರಿಯಾಗಿ ಗೊತ್ತಿಲ್ಲ, ಒಂದು ಸಲ ಕೇಳಿ ಖಚಿತ ಮಾಡ್ಕೊಳ್ಳೋಣ ಅಂತ. ದಾರದಲ್ಲಿ ಮೂರು ಗಂಟು ಇದೆ. ಅಂದ್ರೆ ಹೋದ ತಿಂಗಳ ಮೂರನೇ ವಾರ ಅರೆದಿದ್ದು ತಾನೇ?"

ಮೂರನೇ ವಾರ.

ಅಕ್ಕ ಬೋಳು ದಾರಕ್ಕೆ ಗಂಟು ಹಾಕಿದ್ದಳು. ಯಾವ ವಾರ ಗಾಣದ ಸ್ಕ್ರೂ ಲೇತಿನ ಅಂಗಳದಲ್ಲಿ ಬಿದ್ದಿತ್ತೋ, ಯಾವ ವಾರ ಒಂದು ಕಾಳೂ ಅರೆಯಲು ಸಾಧ್ಯವಿರಲಿಲ್ಲವೋ, ಅದೇ ವಾರದ ಗಂಟು. ಅವಸರದಲ್ಲಿ ಮರೆತಳೋ, ದಿನ ಹೊಂದಲಿ ಎಂದು ಬೇಕೆಂದೇ ಹಾಕಿದಳೋ. ಆ ಸುಳ್ಳನ್ನು ಒಂದೇ ಮಾತಿನಲ್ಲಿ ಮುರಿಯಬಲ್ಲವನು ಸ್ಕ್ರೂ ಹೊತ್ತು ನಡೆದವನೊಬ್ಬನೇ.

"ಹಲೋ, ಕೇಳಿಸ್ತಿದೆಯಾ? ಟೈಲರಮ್ಮನ ಗುಂಡಿ ಇನ್ನೂ ನಮ್ಮಲ್ಲೇ ಇದೆ. ಬರೀ ಹಳಸಿದ ಎಣ್ಣೆ ಅಂದ್ರೆ ಈಗಿನ ಔಷಧೀನೇ ಸಾಕು, ಮುಂದುವರಿಸ್ತೀನಿ. ಬೇರೆ ಏನಾದ್ರೂ ಸೇರಿದ್ರೆ ಮಾತ್ರ ಇದು ಸಾಲದು, ಬದಲಾಯಿಸ್ಬೇಕು. ಅದಕ್ಕೇ ಕೇಳ್ತಿರೋದು."

ಶಟರಿನ ಕೆಳಗೆ ಬಿಸಿಲಿನಲ್ಲಿ ಎರಡು ಚಪ್ಪಲಿ ಬಂದು ನಿಂತವು. ಅಕ್ಕ ಬಗ್ಗಿ ಒಳಗೆ ಬಂದಳು. ಬೆಳಿಗ್ಗೆ ಮರೆತ ಫ್ಲಾಸ್ಕಿನ ಕಡೆ ನೋಡಿದಳು, ಖಾಲಿ ಹಲಗೆಯ ಕಡೆ ನೋಡಿದಳು, ಆಮೇಲೆ ಅವನ ಕಿವಿಗೆ ಒತ್ತಿದ್ದ ಫೋನಿನ ಕಡೆ.

"ಇಡು ಅದನ್ನ," ಎಂದಳು ಮೆಲ್ಲಗೆ.

ಅವನು ಇಲ್ಲವೆಂದು ತಲೆಯಾಡಿಸಿದ.

"ಗಾಣ ಹೋದ್ರೆ ಹೋಯ್ತು ಕಣೋ. ನಾನು ಇನ್ನೊಬ್ಬರ ಗಾಣದಲ್ಲಿ ಕೂಲಿಗೆ ನಿಲ್ತೀನಿ. ನೀನು ತಿನ್ನಿಸಿದ್ದು ಹೊರಗೆ ಬಂದ್ರೆ ನಿನ್ನ ಕೈಗೆ ಇನ್ನು ಯಾರೂ ನಾಯಿ ಕೊಡಲ್ಲ. ನಿಂಗೆ ಬೇರೆ ಏನು ಬರುತ್ತೆ?"

"ಗುಂಡಿ ಇನ್ನೂ ಅಲ್ಲೇ ಇದೆ ಅಕ್ಕ."

"ಗೊತ್ತು. ಆ ಪುಡಿ ವಿಷಯ ಮಾವನ ಹತ್ರ ಕೇಳ್ಕೊಂಡಿದೀನಿ. ಅಷ್ಟೇನೂ ಆಗಲ್ಲ ಅಂದ."

"ಅಷ್ಟೇನೂ ಆಗಲ್ಲ ಅಂತ ಮಾವ ಹೇಳಿದ್ನಾ, ನೀನು ಹೇಳ್ತಿದೀಯಾ?"

ಅಕ್ಕ ಫ್ಲಾಸ್ಕಿನ ಮುಚ್ಚಳ ತಿರುಗಿಸಿದಳು. ಸುಳ್ಳು ಹೇಳುವ ಮುಖ ಅವಳದೂ ಅಲ್ಲ.

"ಹಲೋ?" ಎಂದಿತು ಫೋನು. "ಮೂರನೇ ವಾರದ್ದೇ ಅಂತ ಬರ್ಕೊಳ್ಳಲಾ?"

ಎಷ್ಟೋ ವರ್ಷದಿಂದ ಕಂಡಕಂಡವರ ಮೇಲೆ ಹಾರಿಬಿದ್ದಿದ್ದ ಸಿಟ್ಟು, ಈಗ ಬೇಕಾದಾಗ ಎಲ್ಲಿಯೂ ಸಿಗಲಿಲ್ಲ. ಎದೆಯೊಳಗೆ ಹುಡುಕಿದರೆ ಸಿಕ್ಕಿದ್ದು, ಕೈಗೆ ತಲೆ ಆನಿಸಿ ನಿಂತ ಒಂದು ಮುದಿ ನಾಯಿ.

"ಡಾಕ್ಟರಮ್ಮ," ಎಂದ. "ಮೂರನೇ ವಾರ ಗಾಣ..."

ಗಾಣ ತಿರುಗಿಸಿ ಗಟ್ಟಿಯಾದ ಅಕ್ಕನ ಅಂಗೈ ಬಂದು ಫೋನಿನ ಮೇಲೆ ಮುಚ್ಚಿತು.